ಸೊಸೆಯ ಸಂದರ್ಶನಕ್ಕೆ ನಾನೂ ಹೋದೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನಾವು ಮೂವರು ಸ್ಟಾಕ್‌ಹೋಮಿನ ದೊಡ್ಡ ನಿಲ್ದಾಣದಲ್ಲಿ ಉತ್ತರಕ್ಕೆ ಹೋಗುವ ರೈಲು ಹತ್ತಿದೆವು. ನಾನು, ನನ್ನ ಸೊಸೆ ಅರ್ಪಿತಾ, ನಾಲ್ಕು ವರ್ಷದ ಮೊಮ್ಮಗಳು ತನ್ವಿ. ಬೀಳ್ಕೊಡಲು ಬಂದಿದ್ದ ಮಗ ಕಿರಣ ಕಿಟಕಿಯ ಆಚೆ ನಿಂತು ಒಂದು ಕೈಯಲ್ಲಿ ಮಗಳಿಗೆ ಟಾಟಾ ಮಾಡುತ್ತ, ಇನ್ನೊಂದು ಕೈಯಲ್ಲಿ ಆಫೀಸಿನ ಫೋನಿಗೆ ಉತ್ತರಿಸುತ್ತಿದ್ದ. ಅವನು ಅದೇ ನಗರದ ಕಿಸ್ಟಾ ಬಡಾವಣೆಯ ಒಂದು ಕಂಪನಿಯಲ್ಲಿ ಎಂಜಿನಿಯರು. ಆ ವಾರ ಅವರ ಸಾಫ್ಟ್‌ವೇರಿನ ರಿಲೀಸ್ ಇತ್ತಂತೆ. ನಮ್ಮಲ್ಲಿ ಹೆರಿಗೆ ಮುಂದೆ ಹೋದರೂ ಹೋದೀತು, ಅವರಲ್ಲಿ ರಿಲೀಸ್ ಹೋಗುವುದಿಲ್ಲ.

ನಾವು ಹೊರಟಿದ್ದು ಅರ್ಪಿತಾಳ ಸಂದರ್ಶನಕ್ಕೆ. ಅವಳು ಗದಗಿನ ಹುಡುಗಿ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ನನ್ನ ಮಗನನ್ನು ಮದುವೆಯಾಗಿ ಸ್ವೀಡನ್ನಿಗೆ ಬಂದಳು. ಅಲ್ಲಿನ ಭಾಷೆ ಕಲಿತು, ಪರೀಕ್ಷೆಗಳನ್ನು ಬರೆದು, ನಡುವೆ ಒಂದು ಮಗುವನ್ನೂ ಹೆತ್ತು, ಆ ದೇಶದ ವೈದ್ಯಕೀಯ ಪರವಾನಗಿ ಕೈಗೆ ಬರುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಇನ್ನು ಮುಂದಿನದು ತಜ್ಞ ತರಬೇತಿ, ನಮ್ಮಲ್ಲಿ ಪಿ.ಜಿ. ಅನ್ನುತ್ತೇವಲ್ಲ, ಅದು. ಅಲ್ಲಿ ನಮ್ಮ ಹಾಗೆ ರ‍್ಯಾಂಕ್, ಸೀಟು ಹಂಚಿಕೆ ಇಲ್ಲ. ಒಂದೊಂದು ಆಸ್ಪತ್ರೆಯೂ ಒಂದೊಂದು ಆರೋಗ್ಯ ಕೇಂದ್ರವೂ ತಾನೇ ಜಾಹೀರಾತು ಕೊಟ್ಟು, ಕರೆಸಿ, ಮಾತಾಡಿಸಿ ಆರಿಸಿಕೊಳ್ಳುತ್ತದೆ. ಅರ್ಪಿತಾ ಹತ್ತಾರು ಕಡೆ ಅರ್ಜಿ ಹಾಕಿದ್ದಳು. ಕರೆ ಬಂದದ್ದು ಉತ್ತರದ ಒಂದು ಸಣ್ಣ ಊರಿನಿಂದ, ಕುಟುಂಬ ವೈದ್ಯರ ತರಬೇತಿಗೆ. ಊರಿನ ಹೆಸರು ಬರೆಯುವುದಿಲ್ಲ, ಸೊಸೆಯ ಕೆಲಸದ ವಿಷಯ.

ಆ ಕರೆಯ ಪತ್ರದಲ್ಲಿ ನನ್ನನ್ನು ಬೆರಗಾಗಿಸಿದ ಒಂದು ಸಾಲಿತ್ತು. ‘ಮನೆಯವರನ್ನೂ ಕರೆದುಕೊಂಡು ಬನ್ನಿ, ಅವರೂ ಊರು ನೋಡಲಿ.’ ಚಳಿಗೂ ಕತ್ತಲೆಗೂ ಹೆದರಿ ಹೆಂಡತಿಯೋ ಗಂಡನೋ ಬಾರದೆ ಹೋದರೆ ಡಾಕ್ಟರೂ ನಿಲ್ಲುವುದಿಲ್ಲ ಎಂದು ಆ ಕಡೆಯ ಊರುಗಳವರು ಹೀಗೆ ಮಾಡುತ್ತಾರಂತೆ. ಕಿರಣನಿಗೆ ಆಗದು. ‘ಅಮ್ಮ ಹೋಗಲಿ ಬಿಡು’ ಅಂದ. ಮೂರು ತಿಂಗಳ ವೀಸಾದ ಮೇಲೆ ಬಂದಿದ್ದ ನಾನು ಹೀಗೆ ಮನೆಯವರ ಪ್ರತಿನಿಧಿಯಾದೆ. ತುಮಕೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಬಾಯಿ ಇನ್ನೂ ನಿವೃತ್ತಿಯಾಗಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅರ್ಪಿತಾಳಿಗೆ ಕೆಲಸ ಸಿಗಲಿ ಎಂದು ನಾನು ದೇವರಿಗೆ ಕೈ ಮುಗಿದಿದ್ದೆ. ಆದರೆ ಈ ಊರಿನಲ್ಲಿ ಸಿಗದಿರಲಿ ಎಂದೂ ಒಳಗೊಳಗೆ ಬೇಡಿಕೊಂಡಿದ್ದೆ. ಸ್ಟಾಕ್‌ಹೋಮಿನಲ್ಲಿ ನಾಲ್ಕು ಕನ್ನಡ ಮನೆಗಳಿವೆ, ಹಬ್ಬಕ್ಕೆ ಸೇರುತ್ತಾರೆ, ಮಗು ಅಷ್ಟಾದರೂ ಕನ್ನಡ ಕೇಳುತ್ತದೆ. ಮಗ ಅಲ್ಲಿ, ಸೊಸೆ ಮೊಮ್ಮಗಳು ಎಲ್ಲೋ ಹಿಮದಲ್ಲಿ, ಇಂಥ ಸಂಸಾರ ನನಗೆ ನೆನೆಸಿಕೊಳ್ಳಲೂ ಇಷ್ಟವಿರಲಿಲ್ಲ.

ಟಿಕೆಟ್ಟು ನಮ್ಮ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿಯ ಆಸುಪಾಸು, ಕರೆಸಿಕೊಂಡವರೇ ಕೊಟ್ಟಿದ್ದರು. ಉಪ್ಸಾಲ ದಾಟುವವರೆಗೆ ಬಯಲು ಬರಿದಾಗಿತ್ತು, ಯೆವ್ಲೆ ದಾಟಿದ ಮೇಲೆ ಹಿಮ ಶುರುವಾಯಿತು. ಆಮೇಲೆ ಬರೀ ಪೈನ್ ಮರ, ಹೆಪ್ಪುಗಟ್ಟಿದ ಕೆರೆ, ಕೆಂಪು ಬಳಿದ ಮರದ ಮನೆ, ಮತ್ತೆ ಮರ. ತನ್ವಿ ಪ್ರತಿ ಕೆರೆಗೂ ಕಿಟಕಿಗೆ ಮೂಗು ಒತ್ತಿ ‘ತಿತ್ತಾ, ಅಜ್ಜಿ!’ ಅನ್ನುತ್ತಿದ್ದಳು. ನೋಡು ಎಂದರ್ಥ. ಶಿಶುವಿಹಾರದಿಂದ ಮನೆಗೆ ಬರುವಾಗ ದಿನಕ್ಕೊಂದು ಪದ ತರುತ್ತಾಳೆ, ನಾನು ಎಂಟು ವಾರದಲ್ಲಿ ಕಲಿತ ಸ್ವೀಡಿಷ್ ಎಲ್ಲ ಅವಳದೇ.

ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಒಗ್ಗರಣೆಯ ವಾಸನೆಗೆ ಪಕ್ಕದ ಸೀಟಿನವರು ಏನಂದುಕೊಳ್ಳುತ್ತಾರೋ ಎಂದು ಅರ್ಪಿತಾ ಮುಚ್ಚಳವನ್ನು ಅರ್ಧ ಮಾತ್ರ ತೆರೆದಳು. ಊಟ ಮುಗಿದ ಮೇಲೆ ನಾನು ಮೇಡಂ ಆಗಿ ಕುಳಿತು ಅವಳಿಗೆ ಸಂದರ್ಶನದ ಅಭ್ಯಾಸ ಮಾಡಿಸಿದೆ. ಕಾಯಿಲೆ, ಔಷಧಿಯ ಪ್ರಶ್ನೆ ನನಗೆ ಬಾರದು, ಉಳಿದದ್ದು ಕೇಳಿದೆ.

"ಈ ಊರೇ ಯಾಕಮ್ಮ?"

"ನನಗೆ ಎಲ್ಲಾದ್ರೂ ಸರಿ. ಎಲ್ಲಿ ಕೊಟ್ರೂ ಕೆಲಸ ಮಾಡೋಕೆ ರೆಡಿ ಇದೀನಿ. ಫ್ಯಾಮಿಲಿನೂ ಒಪ್ಪಿದಾರೆ."

"ಶಭಾಷ್," ಎಂದೆ. ನನಗೆ ತಿಳಿದ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ. ನಾನು ನೌಕರಿಗೆ ಸೇರುವಾಗ ರಾಜ್ಯದ ಯಾವುದೇ ಭಾಗದಲ್ಲಿ ಕೆಲಸ ಮಾಡಲು ಸಿದ್ಧ ಎಂದು ಬರೆದುಕೊಟ್ಟವಳು. ಇಂಥದೇ ಊರು ಬೇಕು ಎಂದು ಬಾಯಿಬಿಟ್ಟು ಕೇಳಿದವರನ್ನು ನಮ್ಮ ಕಚೇರಿಗಳಲ್ಲಿ ಹೇಗೆ ನೋಡುತ್ತಾರೆ ಎಂಬುದು ಓದುವ ನಿಮಗೂ ಗೊತ್ತು. ತಲೆಬಾಗಿಸಿ ಎಲ್ಲಿಗಾದರೂ ಹೋಗುತ್ತೇನೆ ಅನ್ನಬೇಕು, ಆಮೇಲೆ ಒಳಗಿನಿಂದ ಪ್ರಯತ್ನ ಮಾಡಿಕೊಳ್ಳಬೇಕು. ಇದನ್ನೂ ಅವಳಿಗೆ ವಿವರಿಸಿದೆ. ಅವಳು ನಕ್ಕು ಕಿಟಕಿಯ ಕಡೆ ತಿರುಗಿದಳು.

ಓಸ್ಟರ್‌ಸುಂಡ್ ಎಂಬಲ್ಲಿ ರೈಲು ಇಳಿದು ಬಸ್ಸು ಹಿಡಿದೆವು, ಮತ್ತೆ ಒಂದು ಗಂಟೆಗೂ ಮಿಕ್ಕಿದ ದಾರಿ. ಬಸ್ಸಿನ ಚಾಲಕನನ್ನು ಅರ್ಪಿತಾ ಏನೋ ಕೇಳಿದಳು. ಅವನು ಉತ್ತರ ಹೇಳದೆ ತುಟಿ ಚೂಪು ಮಾಡಿ ಸುಂಯ್ ಎಂದು ಉಸಿರು ಒಳಗೆಳೆದುಕೊಂಡ. ನಾನು ಗಾಬರಿಯಾಗಿ, "ಏನೇ ಅದು, ಎದೆ ನೋವಾ?" ಅಂದೆ. "ಇಲ್ಲ ಅತ್ತೆ, ಇಲ್ಲಿಯವರು ಹೌದು ಅನ್ನೋದೇ ಹಾಗೆ" ಅಂದಳು. ಅವಳ ಮುಖದಲ್ಲಿ ರೈಲಿನಲ್ಲಿ ಕಾಣದ ಒಂದು ಲವಲವಿಕೆ ಕಂಡಿತು, ಬಸ್ಸು ಹತ್ತಿದ ಸಂಭ್ರಮ ಅಂದುಕೊಂಡೆ.

ಊರು ಅಂದರೆ ಒಂದು ಕೆರೆ, ಒಂದು ಚರ್ಚು, ಒಂದು ಅಂಗಡಿ, ಶಾಲೆ, ಆರೋಗ್ಯ ಕೇಂದ್ರ, ಮತ್ತು ದೂರ ದೂರಕ್ಕೆ ಹರಡಿದ ಮನೆಗಳು. ನಮಗೆ ಉಳಿಯಲು ಪುರಸಭೆಯವರ ಒಂದು ಸಣ್ಣ ಅತಿಥಿಗೃಹ ಕೊಟ್ಟಿದ್ದರು. ಅಡುಗೆಮನೆಯ ಮೇಜಿನ ಮೇಲೆ ಬೆಣ್ಣೆ, ಹಾಲು, ಗರಿಗರಿಯಾದ ತೆಳ್ಳನೆಯ ರೊಟ್ಟಿಯ ಒಂದು ಕಟ್ಟು ಇಟ್ಟು ಹೋಗಿದ್ದರು. ಅರ್ಪಿತಾ ಒಂದನ್ನು ಮುರಿದು ಬಾಯಿಗಿಟ್ಟು, "ಖಡಕ್ ರೊಟ್ಟಿ!" ಎಂದು ಕೂಗಿದಳು. ಅದಕ್ಕೆ ನಾವು ತಂದಿದ್ದ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಅವಳು ಒಬ್ಬಳೇ ಅರ್ಧ ಕಟ್ಟು ಮುಗಿಸಿದಳು.

ಮರುದಿನ ಬೆಳಿಗ್ಗೆ ಸಂದರ್ಶನ. ಕೇಂದ್ರದ ಮುಖ್ಯಸ್ಥೆ ಬ್ರಿಟ್ಟಾ ಬಾಗಿಲಿಗೇ ಬಂದು ಕೈ ಕುಲುಕಿದಳು. ಬೆಳ್ಳಗಿನ ಗಿಡ್ಡ ಕೂದಲು, ಕಾಲಿಗೆ ಉಣ್ಣೆಯ ಕಾಲುಚೀಲ ಮಾತ್ರ. ಬೂಟು ಹೊರಗೆ ಬಿಟ್ಟು ಬರುವ ವಿಷಯದಲ್ಲಿ ಅವರು ನಮ್ಮವರೇ. ಆದರೆ ಅಷ್ಟು ದೊಡ್ಡ ಡಾಕ್ಟರನ್ನು ಮೇಡಂ ಅನ್ನುವಂತಿಲ್ಲ, ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಅದಕ್ಕೆ ಒಪ್ಪದೆ, ಏನೂ ಕರೆಯದೆ ನಕ್ಕು ಸುಮ್ಮನಾದೆ. "ಮಧ್ಯಾಹ್ನ ಫೀಕಾಕ್ಕೆ ನೀವೂ ಮಗುವೂ ಬನ್ನಿ" ಎಂದು ಬ್ರಿಟ್ಟಾ ಇಂಗ್ಲಿಷಿನಲ್ಲಿ ಹೇಳಿ ಅರ್ಪಿತಾಳನ್ನು ಒಳಗೆ ಕರೆದೊಯ್ದಳು. ಫೀಕಾ ಅಂದರೆ ಕಾಫಿ ಬನ್ನಿನ ಹೊತ್ತು. ಆ ದೇಶದಲ್ಲಿ ಅದಕ್ಕೆ ನಮ್ಮ ಮಂಗಳಾರತಿಯಷ್ಟು ಮರ್ಯಾದೆ.

ನಾನೂ ತನ್ವಿಯೂ ಅಂಗಡಿಯ ಕಡೆ ಹೋದೆವು. ಬಿಸಿಲು ಚೆನ್ನಾಗಿ ಬಿದ್ದಿತ್ತು, ಚಳಿ ಮಾತ್ರ ಸೊನ್ನೆಗಿಂತ ಕೆಳಗೆ. ಅಂಗಡಿಯ ದಕ್ಷಿಣದ ಗೋಡೆಗೆ ಒರಗಿ ಒಬ್ಬ ವೃದ್ಧೆ ಹಿಮಸಾರಂಗದ ಚರ್ಮ ಹಾಸಿಕೊಂಡು ಬಿಸಿಲು ಕಾಯಿಸುತ್ತಿದ್ದಳು. ಪಕ್ಕದಲ್ಲಿ ಅವಳ ವಾಹನ: ಎರಡು ಉದ್ದನೆಯ ಕಬ್ಬಿಣದ ಪಟ್ಟಿಯ ಮೇಲೆ ಒಂದು ಕುರ್ಚಿ. ಹಿಂದೆ ನಿಂತು ಒಂದು ಕಾಲಿನಿಂದ ನೆಲ ಒದ್ದರೆ ಹಿಮದ ಮೇಲೆ ಜಾರಿಕೊಂಡು ಹೋಗುತ್ತದೆ. ತನ್ವಿ ಅದನ್ನು ಬಿಟ್ಟು ಕದಲಲಿಲ್ಲ. ವೃದ್ಧೆ ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅಂಗಳದಲ್ಲಿ ಎರಡು ಸುತ್ತು ಹೊಡೆದಳು. ಆಮೇಲೆ ನನ್ನನ್ನೂ ಕೂರು ಎಂದಳು. ಸೀರೆಯ ಮೇಲೆ ದಪ್ಪ ಜಾಕೆಟ್ಟು, ತಲೆಗೆ ಮಗನ ಉಣ್ಣೆ ಟೋಪಿ, ಈ ವೇಷದಲ್ಲಿ ನಾನೂ ಒಂದು ಸುತ್ತು ಹೋದೆ. ನಗು ತಡೆಯಲಾಗಲಿಲ್ಲ.

ಅವಳ ಹೆಸರು ಇಂಗ್ರಿದ್. ಟಿವಿ ನೋಡಿ ಕಲಿತ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು, "ಹೊಸ ಡಾಕ್ಟರ ತಾಯಿಯಾ ನೀವು?"

"ಅತ್ತೆ. ಹೊಸ ಡಾಕ್ಟರು ಇನ್ನೂ ಆಗಿಲ್ಲ, ಸಂದರ್ಶನ ನಡೀತಿದೆ."

"ನಮಗೆ ಡಾಕ್ಟರು ಬರ್ತಾರೆ, ಹೋಗ್ತಾರೆ. ಬಾಡಿಗೆ ಡಾಕ್ಟರು. ಒಂದೊಂದು ವಾರಕ್ಕೆ ಒಬ್ಬೊಬ್ಬರು. ಪ್ರತಿಯೊಬ್ಬರಿಗೂ ನನ್ನ ಸೊಂಟದ ಕತೆ ಮೊದಲಿಂದ ಹೇಳಬೇಕು. ಎಲ್ಲರೂ ಒಳ್ಳೆಯವರೇ. ನಿಮಗೆ ನಮ್ಮ ಊರು ಇಷ್ಟವಾ ಅಂತ ಕೇಳಿದರೆ, ನಮಗೆ ಎಲ್ಲಾದರೂ ಸರಿ ಅಂತಾರೆ."

ನನ್ನ ನಗು ಅಲ್ಲಿಗೆ ನಿಂತಿತು. ರೈಲಿನಲ್ಲಿ ನಾನು ಶಭಾಷ್ ಎಂದು ಬೆನ್ನು ತಟ್ಟಿದ ಉತ್ತರ ಈ ಊರಿನಲ್ಲಿ ಬಂದು ಹೋಗುವವರ ಮಾತಾಗಿತ್ತು.

ಅರ್ಪಿತಾ ಹೊರಗೆ ಬಂದಾಗ ಏನೋ ಎಡವಟ್ಟಾಗಿದೆ ಎಂದು ಮುಖ ನೋಡಿಯೇ ತಿಳಿಯಿತು. ವೈದ್ಯಕೀಯದ ಪ್ರಶ್ನೆಗಳೆಲ್ಲ ಚೆನ್ನಾಗಿ ಹೋದವಂತೆ. ಈ ಊರೇ ಯಾಕೆ ಎಂದು ಕೇಳಿದಾಗ ಅಭ್ಯಾಸ ಮಾಡಿದ್ದನ್ನು ಹೇಳಿದಳಂತೆ. ಅದಕ್ಕೆ ಬ್ರಿಟ್ಟಾ, "ಕುಟುಂಬ ಒಪ್ಪಿದೆ ಅಂದಿರಿ. ಅದು ಕುಟುಂಬದ ಮಾತು. ಎಲ್ಲಾದರೂ ಸರಿ ಅಂದರೆ ನೀವು ಇಲ್ಲಿ ಇರ್ತೀರೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?" ಅಂದಳಂತೆ. ಇನ್ನೊಬ್ಬ ಅಭ್ಯರ್ಥಿ ಇದ್ದಾನೆ, ಯೋತೆಬೋರಿ ಎಂಬ ದೊಡ್ಡ ನಗರದ ಕಡೆಯ ಹುಡುಗ, ಬೆಟ್ಟ ಅಂದರೆ ಪ್ರಾಣ, ಇಲ್ಲಿಗೇ ಬರಬೇಕೆಂದು ಬರೆದಿದ್ದಾನೆ ಎಂಬುದನ್ನೂ ಮುಚ್ಚಿಡದೆ ಹೇಳಿದಳಂತೆ.

ನಾನು ಇಂಗ್ರಿದ್ ಹೇಳಿದ್ದನ್ನು ಅವಳಿಗೆ ತಿಳಿಸಿದೆ. "ನನ್ನ ಬುದ್ಧಿಮಾತು ಕೇಳಿ ಕೆಟ್ಟೆ ನೀನು" ಅಂದೆ.

"ನಿಮ್ಮದೇನಿಲ್ಲ ಅತ್ತೆ. ನೀವು ಹೇಳದಿದ್ರೂ ನಾನು ಅದನ್ನೇ ಹೇಳ್ತಿದ್ದೆ."

"ಸರಿ, ನಿಜ ಏನು? ನಿನಗೆ ಎಲ್ಲಿ ಇಷ್ಟ?"

"ಗೊತ್ತಿಲ್ಲ" ಎಂದು ಅವಳು ತನ್ವಿಯ ಬೂಟಿನ ಹಿಮ ಒರೆಸಲು ಬಗ್ಗಿದಳು. ಆ ಬೂಟಿನಲ್ಲಿ ಹಿಮವೇನೂ ಇರಲಿಲ್ಲ.

ಮಧ್ಯಾಹ್ನ ಫೀಕಾಕ್ಕೆ ಹೋದೆವು. ಉದ್ದನೆಯ ಮೇಜು, ದಾಲ್ಚಿನ್ನಿ ಬನ್ನು, ಗಡಿಗೆಗಟ್ಟಲೆ ಕಾಫಿ. ನರ್ಸುಗಳು, ಸ್ವಾಗತಕಾರರು, ಎಲ್ಲರೂ ಒಂದೇ ಮೇಜಿಗೆ ಕುಳಿತು ನಮ್ಮನ್ನು ಮಾತಾಡಿಸಿದರು. ತನ್ವಿ ಅವರಿಗೆಲ್ಲ ಸ್ವೀಡಿಷಿನಲ್ಲಿ ಅಜ್ಜಿ ಕುರ್ಚಿಬಂಡಿಯಲ್ಲಿ ಕೂತ ವೃತ್ತಾಂತ ಹೇಳಿ ನಗಿಸಿದಳು. ಒಬ್ಬೊಬ್ಬರೇ ಎದ್ದು ಕೆಲಸಕ್ಕೆ ಹೋದ ಮೇಲೆ ಮೇಜಿನ ಬಳಿ ನಾವು ಮೂವರು ಮತ್ತು ಬ್ರಿಟ್ಟಾ ಉಳಿದೆವು. ಅವಳು ಕಾಫಿ ಬಗ್ಗಿಸುತ್ತ ನನ್ನನ್ನು ಕೇಳಿದಳು.

"ನೀವು ಅವಳನ್ನು ಬಲ್ಲವರು. ಅರ್ಪಿತಾ ಎಲ್ಲಿ ಬಾಳಬೇಕು ಅಂತ ಬಯಸ್ತಾಳೆ?"

ಅರ್ಪಿತಾಳಿಗೆ ಯಾವ ಪಲ್ಯ ಇಷ್ಟ, ಯಾವ ಬಣ್ಣ ಒಗ್ಗುತ್ತದೆ, ತಲೆನೋವಿಗೆ ಯಾವ ಮಗ್ಗುಲಿಗೆ ಮಲಗುತ್ತಾಳೆ, ಎಲ್ಲ ನನಗೆ ಗೊತ್ತು. ಇದು ಗೊತ್ತಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಅಪ್ಪ ಕಳಿಸಿದರು, ಸ್ವೀಡನ್ನಿಗೆ ನನ್ನ ಮಗ ಕರೆತಂದ, ಸ್ಟಾಕ್‌ಹೋಮಿನಲ್ಲಿ ಅವನ ಕಂಪನಿ ಇರಿಸಿತು. ಎಲ್ಲಿ ಇಷ್ಟ ಎಂದು ಅವಳನ್ನು ನಮ್ಮಲ್ಲಿ ಯಾರೂ ಕೂರಿಸಿ ಕೇಳಿರಲಿಲ್ಲ.

"ನನಗೆ ಗೊತ್ತಿಲ್ಲ" ಎಂದು ಬ್ರಿಟ್ಟಾಗೆ ಹೇಳಿ, ಮೇಜಿನಾಚೆ ಅರ್ಪಿತಾಳ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ. "ಗೊತ್ತಿಲ್ಲ ಅನ್ನಬೇಡ. ಕಿರಣನ್ನ ಬಿಡು, ನನ್ನ ಬಿಡು. ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತೆ, ಹೇಳು."

ಅವಳು ಬನ್ನಿನ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತ ಕುಳಿತಳು. ಬ್ರಿಟ್ಟಾ ಅವಸರ ಮಾಡಲಿಲ್ಲ. ಸುಮ್ಮನಿರುವುದರಲ್ಲಿ ಆ ಜನರನ್ನು ಮೀರಿಸುವವರಿಲ್ಲ. ಆಮೇಲೆ ಅರ್ಪಿತಾ ಮಾತಾಡಿದಳು. ನಮ್ಮ ಮನೆಗೆ ಬಂದಂದಿನಿಂದ ಅವಳು ನಮ್ಮೊಡನೆ ಆಡುತ್ತಿದ್ದದ್ದು ಬೆಂಗಳೂರಿನ ಕನ್ನಡ. ಆಗ ಬಾಯಿಗೆ ಬಂದದ್ದು ಅವಳ ಊರಿನದು.

"ಖರೇ ಹೇಳ್ಲೇನ್ರಿ ಅತ್ತಿ? ನನಗ ಇಲ್ಲೇ ಇರಬೇಕು ಅನ್ನಸ್ತೈತಿ. ಸ್ಟಾಕ್‌ಹೋಮಿನ್ಯಾಗ ಒಬ್ಬರು ಬರ್ತಾರ, ಹೋಗ್ತಾರ, ಅವರ ಮಾರಿ ಮತ್ತ ನೋಡೂದೇ ಇಲ್ಲ. ನನಗ ಒಂದ ಊರಿನ ಮಂದೀನ ನೋಡಕೋತ ಇರಬೇಕಂತ ಆಸೆ ಐತ್ರಿ. ಕೂಸು ಇದ್ದಾಗ ನೋಡಿದಾಕಿನೂ ನಾನ ಇರಬೇಕು, ಅದು ಸಾಲಿಗೆ ಹೋಗೂ ಮುಂದ ನೋಡಾಕಿನೂ ನಾನ ಇರಬೇಕು. ಅದಕ್ಕ ಡಾಕ್ಟರ್ ಆಗೇನಿ ನಾ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲವೇ?"

"ಹೆಂಗ ಹೇಳ್ಲಿ? ಗಂಡನ್ನ ಬಿಟ್ಟು ದೂರ ಹೊಂಟಾಳ ಅಂತ ನೀವು ಅನ್ಕೊಂಡ್ರ? ಕಿರಣ್ ಬರೂದಿಲ್ಲ ಅಂದ್ರ? ಎಲ್ಲ್ಯಾದ್ರೂ ನಡೀತೈತಿ ಅಂದ್ರ ಯಾರಿಗೂ ಬ್ಯಾಸರ ಆಗೂದಿಲ್ಲಲ್ರಿ." ಅಷ್ಟು ಹೇಳಿ ಅವಳು ಅಳತೊಡಗಿದಳು. ತನ್ವಿ ಕುರ್ಚಿಯಿಂದ ಇಳಿದು ಹೋಗಿ ಅಮ್ಮನ ತೊಡೆಗೆ ಆತುಕೊಂಡಳು.

ಬ್ರಿಟ್ಟಾ ನನ್ನನ್ನು ನೋಡಿದಳು. "ಏನು ಹೇಳಿದಳು?"

ಆ ಒಂದು ಕ್ಷಣ ನನಗೆ ದುರಾಸೆ ಹುಟ್ಟಿತು, ಓದುವ ನಿಮಗೆ ಸುಳ್ಳು ಹೇಳಲಾರೆ. ಅವಳಿಗೆ ಇಷ್ಟವಿದೆ, ಆದರೆ ಗಂಡನನ್ನು ಕೇಳಬೇಕು ಎಂದು ನಾನು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ಕೆಲಸ ಬೆಟ್ಟ ಹತ್ತುವ ಹುಡುಗನಿಗೆ ಹೋಗುತ್ತಿತ್ತು, ನನ್ನ ಸಂಸಾರ ಸ್ಟಾಕ್‌ಹೋಮಿನಲ್ಲೇ ಒಟ್ಟಿಗೆ ಇರುತ್ತಿತ್ತು. ಎದುರಿಗೇ ಇದ್ದ ಅರ್ಪಿತಾಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೂ ಅವಳು ನನ್ನನ್ನು ತಿದ್ದುತ್ತಿರಲಿಲ್ಲ.

"ಅವಳಿಗೆ ಈ ಊರೇ ಬೇಕಂತೆ" ಎಂದೆ. ಕೂಸಿನ ಮಾತು, ಶಾಲೆಗೆ ಹೋಗುವ ಮಾತು, ಮುಖ ಮತ್ತೆ ನೋಡದಿರುವ ಮಾತು, ಎಲ್ಲವನ್ನೂ ಅವಳು ಹೇಳಿದ ಹಾಗೆಯೇ ಇಂಗ್ಲಿಷಿಗೆ ತಂದೆ. ಕೊನೆಗೆ, "ಇಷ್ಟು ದಿನ ಹೇಳದೆ ಇದ್ದದ್ದು ನಮ್ಮ ಭಯಕ್ಕೆ" ಎಂದೂ ಸೇರಿಸಿದೆ.

ಬ್ರಿಟ್ಟಾ ಸುಂಯ್ ಎಂದು ಉಸಿರೆಳೆದುಕೊಂಡಳು. ಆಮೇಲೆ ಸ್ವೀಡಿಷಿನಲ್ಲಿ ಅರ್ಪಿತಾಳನ್ನು ಏನೇನೋ ಕೇಳಿದಳು. ಇವಳು ಮೂಗು ಒರೆಸಿಕೊಂಡು ಉತ್ತರಿಸುತ್ತ ಹೋದಳು, ಮೊದಲು ಮೆಲ್ಲಗೆ, ಆಮೇಲೆ ಕೈಯಾಡಿಸಿಕೊಂಡು. ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡೂವರೆಗೆಲ್ಲ ಕತ್ತಲಾಗುತ್ತದೆ, ಆಗೇನು ಮಾಡುತ್ತೀ ಎಂದು ಕೇಳಿದಳಂತೆ. ದೀಪ ಹಚ್ಚುತ್ತೇನೆ ಎಂದಳಂತೆ ಇವಳು. ಬ್ರಿಟ್ಟಾ ಮಾತು ಮಾತ್ರ ಕೊಡಲಿಲ್ಲ. ಸಿಬ್ಬಂದಿಯ ಜೊತೆ ಕೂತು ಮಾತಾಡಿ ನಾಳೆ ತಿಳಿಸುತ್ತೇನೆ ಎಂದು ನಮ್ಮನ್ನು ಕಳಿಸಿಕೊಟ್ಟಳು.

ಸಂಜೆ ಮೂವರೂ ಕೆರೆಯ ಮೇಲೆ ನಡೆದಾಡಿದೆವು. ದೂರದಲ್ಲಿ ಒಬ್ಬಾತ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಟ್ಟುಕೊಂಡು ಕುಳಿತಿದ್ದ. ಅರ್ಪಿತಾ ನನ್ನ ತೋಳು ಹಿಡಿದುಕೊಂಡಿದ್ದಳು, ನಾನು ಜಾರಿ ಬೀಳದಿರಲೆಂದು. "ಅತ್ತೆ, ಸಿಟ್ಟಾ?" ಅಂದಳು. "ಇಲ್ಲ ಕಣೆ. ಬೇಜಾರಿದೆ. ಅದು ನನ್ನದು, ನಾನು ನೋಡಿಕೊಳ್ತೀನಿ" ಅಂದೆ. ಅವಳು ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮೂರನೆಯ ದಿನ ವಾಪಸು ರೈಲಿನಲ್ಲಿ, ಓಂಗೆ ಎಂಬ ನಿಲ್ದಾಣ ದಾಟಿದ ಮೇಲೆ ಫೋನು ಬಂತು. ಅರ್ಪಿತಾ ಎದ್ದು ನಿಂತು ಮಾತಾಡಿದಳು. ನನಗೆ ಅರ್ಥವಾದದ್ದು ‘ತಕ್’ ಎಂಬ ಒಂದು ಪದ, ಧನ್ಯವಾದ. ಅದನ್ನು ಅವಳು ಎಷ್ಟು ಸಲ ಹೇಳಿದಳೋ. ಫೋನಿಟ್ಟು ಬಂದು ನನ್ನ ಪಕ್ಕ ಕುಸಿದು ಕುಳಿತು, "ಕೊಟ್ರು ಅತ್ತೆ" ಅಂದಳು. ಮನೆಗೆ ಹೋಗಿ ಗಂಡನೊಡನೆ ಮಾತಾಡಿ ವಾರದ ಕೊನೆಗೆ ತಿಳಿಸು ಎಂದಳಂತೆ ಬ್ರಿಟ್ಟಾ.

"ನೀನೇನಂದೆ?"

"ನನ್ನ ಉತ್ತರ ಈಗಲೇ ಹೇಳ್ತೀನಿ, ನಾನು ಬರ್ತೀನಿ, ಕಿರಣ್‌ದು ಕಿರಣ್ ಹೇಳಲಿ ಅಂದೆ."

ಎಂಟು ವಾರದಲ್ಲಿ ಮೊದಲ ಸಲ ನಾನು ಅವಳ ಕೆನ್ನೆ ಹಿಡಿದು ಮುತ್ತಿಟ್ಟೆ. ಆಮೇಲೆ ಅವಳು ನಿದ್ದೆ ಹೋದಳು. ಯೆವ್ಲೆ ಬಂದಾಗ ಹಿಮ ಮುಗಿದು ಬರಿಯ ಹೊಲ ಕಾಣಿಸಿತು, ಸ್ಟಾಕ್‌ಹೋಮಿನಲ್ಲಿ ಸೋನೆ ಮಳೆ ಹಿಡಿದಿತ್ತು.

ಕಿರಣ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದ. ರಿಲೀಸ್ ಮುಗಿದಿತ್ತು, ಕಣ್ಣು ಕೆಂಪಾಗಿತ್ತು. ಅರ್ಪಿತಾ ಅವನಿಗೆ ಫೋನಿನಲ್ಲಿ ಏನೂ ಹೇಳಿರಲಿಲ್ಲ, ಎದುರಿಗೇ ಹೇಳಬೇಕು ಅಂದಿದ್ದಳು. ಅವನು ನನ್ನ ಕೈಯಿಂದ ಚೀಲ ತೆಗೆದುಕೊಂಡು ನನ್ನನ್ನೇ ಕೇಳಿದ.

"ಏನಮ್ಮಾ, ಹೇಗಾಯ್ತು? ಊರು ಪರವಾಗಿಲ್ವಾ?"

"ನನ್ನನ್ನೇನು ಕೇಳ್ತೀಯೋ? ಅವಳನ್ನ ಕೇಳು" ಎಂದು ಮಗುವನ್ನು ಎತ್ತಿಕೊಂಡು ನಾನು ಮುಂದೆ ನಡೆದೆ.

ಹಿಂದಿನಿಂದ ಅರ್ಪಿತಾಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬಹಳ ಹೊತ್ತು ಅವಳೇ ಮಾತಾಡಿದಳು. ತಿರುಗಿ ನೋಡಬಾರದೆಂದು ತನ್ವಿಯ ಟೋಪಿ ಸರಿಪಡಿಸುತ್ತ ಮೆಟ್ಟಿಲ ಬಳಿ ನಿಂತುಬಿಟ್ಟೆ. ಅವರು ಹತ್ತಿರ ಬಂದರು.

"ಸರಿ, ನಾವೆಲ್ಲ ಹೋದ್ರೆ ಅಲ್ಲಿ ಮೂರು ರೂಮಿನ ಮನೆ ಸಿಗುತ್ತೇನೇ?" ಕಿರಣ ಹೆಂಡತಿಯನ್ನು ಕೇಳುತ್ತಿದ್ದ. "ಅಮ್ಮ ಬಂದಾಗ ಇರೋಕೆ ಒಂದು ಬೇಕಲ್ಲ."